ಮದ್ದಿಗೆ ಮಣಿಯದ ಬ್ಯಾಕ್ಟೀರಿಯ, ಮಲೆನಾಡಿನ ಸೊಪ್ಪು

ಆಂಟಿಬಯಾಟಿಕ್‌ನಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಗಳಿಗೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಔಷಧದ ಅಣುವನ್ನು ಕಿಣ್ವದಿಂದ ಒಡೆಯುವುದು ಒಂದು. ಔಷಧ ಹೋಗಿ ಅಂಟಿಕೊಳ್ಳಬೇಕಾದ ಜಾಗದ ಆಕಾರವನ್ನೇ ಬದಲಿಸಿಕೊಳ್ಳುವುದು ಎರಡನೆಯದು. ಹೊರಪೊರೆಯ ರಂಧ್ರಗಳನ್ನು ಕಡಿಮೆ ಮಾಡಿ ಔಷಧವನ್ನು ಒಳಗೇ ಬಿಡದಿರುವುದು ಮೂರನೆಯದು. ಒಳಗೆ ನುಗ್ಗಿದ್ದನ್ನು ಪೊರೆಯಲ್ಲಿ ಕೂತಿರುವ ಪ್ರೋಟೀನಿನ ಪಂಪುಗಳಿಂದ ಹೊರಗೆ ತಳ್ಳುವುದು ನಾಲ್ಕನೆಯದು. ಪೆನಿಸಿಲಿನ್ ಸೋತದ್ದು ಮೊದಲ ದಾರಿಯಲ್ಲಿ. ಆ ಕಿಣ್ವಕ್ಕೆ ಜಗ್ಗದ ಮೆಥಿಸಿಲಿನ್ ಬಳಕೆಗೆ ಬಂದ ಬೆನ್ನಿಗೇ, 1961ರಲ್ಲಿ, ಎರಡನೆಯ ದಾರಿ ಹಿಡಿದ ಸ್ಟ್ಯಾಫಿಲೊಕಾಕಸ್ ಆರಿಯಸ್ ಇಂಗ್ಲೆಂಡಿನಿಂದ ವರದಿಯಾಯಿತು. ಇಂದು ಜಗತ್ತಿನ ಎಲ್ಲ ಆಸ್ಪತ್ರೆಗಳಿಗೂ ಪರಿಚಿತವಾದ ಎಂಆರ್‌ಎಸ್‌ಎ ಇದೇ. 2009ರಲ್ಲಿ ಎನ್‌ಡಿಎಂ-1 ಕಿಣ್ವ ವರದಿಯಾದಾಗ, ಕೊನೆಯ ಅಸ್ತ್ರವೆಂದು ಕಾಯ್ದಿಟ್ಟುಕೊಂಡಿದ್ದ ಕಾರ್ಬಪೆನೆಮ್ ಗುಂಪಿನ ಔಷಧಗಳನ್ನೂ ಒಡೆಯಬಲ್ಲ ಬ್ಯಾಕ್ಟೀರಿಯಗಳು ಓಡಾಡುತ್ತಿವೆ ಎಂಬುದು ಖಚಿತವಾಯಿತು. 2019ನೇ ವರ್ಷವೊಂದರಲ್ಲೇ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧ ನಿರೋಧಕತೆಯೇ ನೇರ ಕಾರಣ ಎಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ.

ಇದು ಆಸ್ಪತ್ರೆಗಷ್ಟೇ ಸೇರಿದ ಸಂಗತಿಯಲ್ಲ. ಮೂಡಿಗೆರೆ, ಸಕಲೇಶಪುರದ ಕಡೆ ಗದ್ದೆಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುವವರಿಗೆ ಸ್ಟ್ರೆಪ್ಟೊಸೈಕ್ಲಿನ್ ಎಂಬ ಬಿಳಿ ಪುಡಿ ಹೊಸದಲ್ಲ. ಗೆಡ್ಡೆಗೆ ಹಸಿ ಕೊಳೆರೋಗ ಬಾರದಿರಲೆಂದು ಅದರ ದ್ರಾವಣದಲ್ಲಿ ಬಿತ್ತನೆ ಶುಂಠಿಯನ್ನು ಅದ್ದಿಡುವ ಪದ್ಧತಿಯಿತ್ತು. ಆ ಪುಡಿಯಲ್ಲಿರುವುದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಔಷಧಗಳೇ. ಬೆಳೆಗಳ ಮೇಲೆ ಈ ಜೋಡಿಯ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಆದೇಶವನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು. ಅದಕ್ಕೂ ಮೊದಲು, 2019ರಲ್ಲಿ, ಕೋಳಿ ಮತ್ತು ಜಾನುವಾರುಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಕೊಡುವುದನ್ನು ನಿಷೇಧಿಸಲಾಗಿತ್ತು. ಮಣ್ಣಿಗೆ, ಸಗಣಿಗೆ, ಹಳ್ಳದ ನೀರಿಗೆ ಸೇರಿದ ಔಷಧವೂ ಬ್ಯಾಕ್ಟೀರಿಯವನ್ನು ಪಳಗಿಸುತ್ತದೆ.

ಹೊಸ ಮದ್ದನ್ನು ಗಿಡಮರಗಳಲ್ಲಿ ಹುಡುಕುವ ಯೋಚನೆ ಸಹಜವಾದದ್ದೇ. ಗಿಡಕ್ಕೆ ಓಡಿ ತಪ್ಪಿಸಿಕೊಳ್ಳುವ ಉಪಾಯವಿಲ್ಲ, ಆದ್ದರಿಂದ ತನ್ನ ಮೇಲೆ ಬೀಳುವ ಶಿಲೀಂಧ್ರ, ಬ್ಯಾಕ್ಟೀರಿಯ, ಹುಳುಗಳನ್ನು ಎದುರಿಸಲು ಅದು ನೂರಾರು ರಾಸಾಯನಿಕಗಳನ್ನು ತಯಾರಿಸುತ್ತದೆ. ಆದರೆ ಇನ್ನೊಂದು ವಾಸ್ತವವನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಇಂದು ವೈದ್ಯರು ಬರೆದುಕೊಡುವ ಆಂಟಿಬಯಾಟಿಕ್‌ಗಳ ಪ್ರಮುಖ ಗುಂಪುಗಳಲ್ಲಿ ಒಂದೂ ಹಸಿರು ಗಿಡದಿಂದ ಬಂದದ್ದಲ್ಲ. ಅವೆಲ್ಲ ಬೂಷ್ಟು, ಮಣ್ಣಿನ ಬ್ಯಾಕ್ಟೀರಿಯ ಅಥವಾ ಕಾರ್ಖಾನೆಯ ರಸಾಯನಶಾಸ್ತ್ರದ ಕೊಡುಗೆ. ಸಸ್ಯಸಾರಗಳು ಬ್ಯಾಕ್ಟೀರಿಯವನ್ನು ತಡೆಯುತ್ತವೆ ಎಂದು ಸಾರುವ ಸಂಶೋಧನಾ ಪ್ರಬಂಧಗಳು ಸಾವಿರಗಟ್ಟಲೆ ಇವೆ. ಅವುಗಳಿಂದ ಹುಟ್ಟಿದ ಮಾತ್ರೆ ಮಾತ್ರ ಕಾಣುವುದಿಲ್ಲ. ಈ ಅಂತರ ಏಕೆ ಎಂಬುದು ಪರೀಕ್ಷೆಯ ಒಂದೊಂದು ಹಂತವನ್ನೂ ಬಿಡಿಸಿ ನೋಡಿದರೆ ತಿಳಿಯುತ್ತದೆ.

ಮೊದಲ ಹಂತ ಗಿಡದ ಆಯ್ಕೆ. ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿಯಂಥ ಜಾಗದಲ್ಲಿ ಆಯ್ಕೆಗೇನೂ ಬರವಿಲ್ಲ. ಕಾಫಿ ತೋಟದ ನೆರಳು ಮರಗಳು, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತೋಟದಾಚೆಯ ಬ್ಯಾಣ, ಅದಕ್ಕೂ ಆಚೆ ಕಾಡು, ಹೀಗೆ ಒಂದೆರಡು ಕಿಲೋಮೀಟರಿನೊಳಗೆ ನೂರಾರು ಜಾತಿಯ ಸಸ್ಯಗಳು ಸಿಗುತ್ತವೆ. ಗುರುತು ಹಿಡಿಯಲು ಒಳ್ಳೆಯ ಆಧಾರಗ್ರಂಥಗಳೂ ಇವೆ: ಪಕ್ಕದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬಗ್ಗೆ ಸಿಸಿಲ್ ಸಲ್ಡಾನ ಮತ್ತು ಡಾನ್ ನಿಕಲ್ಸನ್ ಸಂಪಾದಿಸಿದ ಗ್ರಂಥ 1976ರಲ್ಲಿ ಬಂತು, ಚಿಕ್ಕಮಗಳೂರು ಜಿಲ್ಲೆಗೂ ಅಂಥದೇ ಗ್ರಂಥವಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜು ಮುಂತಾದೆಡೆ ಪಶ್ಚಿಮಘಟ್ಟದ ಗಿಡಗಳ ಸಾರವನ್ನು ಬ್ಯಾಕ್ಟೀರಿಯಗಳ ಮೇಲೆ ಪರೀಕ್ಷಿಸುವ ಕೆಲಸ ವರ್ಷಗಳಿಂದ ನಡೆದುಬಂದಿದೆ.

ಆಯ್ಕೆಗೆ ಸಾಮಾನ್ಯವಾಗಿ ನಾಟಿ ವೈದ್ಯರ ತಿಳಿವಳಿಕೆಯೇ ಆಧಾರ. ಭೇದಿಗೆ ಕೊಡಸಿಗದ ತೊಗಟೆ, ಜ್ವರಕ್ಕೆ ನೆಲಬೇವು, ಹುಣ್ಣಿಗೆ ಅಳಲೆಕಾಯಿ, ಹಳದಿ ಕಾಂಡದ ಮರದರಿಶಿನ ಹೀಗೆ ಪಟ್ಟಿ ಬೆಳೆಯುತ್ತದೆ. ಇಲ್ಲೊಂದು ಎಚ್ಚರ ಬೇಕು. ಮದ್ದು ಕೆಲಸ ಮಾಡುತ್ತದೆ ಎಂದ ಮಾತ್ರಕ್ಕೆ ಅದು ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ ಎಂದೇನೂ ಅಲ್ಲ. ತೋಟದಲ್ಲಿ ಕತ್ತಿ ತಾಗಿದರೆ ಕಮ್ಯುನಿಸ್ಟ್ ಗಿಡದ ಸೊಪ್ಪನ್ನು ಅಂಗೈಯಲ್ಲಿ ಹೊಸೆದು ರಸ ಹಿಂಡುವುದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ರಕ್ತ ನಿಲ್ಲುವುದೂ ನಿಜ, ಏಕೆಂದರೆ ಆ ರಸ ರಕ್ತ ಹೆಪ್ಪುಗಟ್ಟುವುದನ್ನು ಚುರುಕುಗೊಳಿಸುತ್ತದೆ. ಬ್ಯಾಕ್ಟೀರಿಯದ ಮೇಲಷ್ಟೇ ಅದನ್ನು ಪರೀಕ್ಷಿಸಿ ಅಂಕ ಕೊಟ್ಟರೆ ಒಳ್ಳೆಯ ಮದ್ದೊಂದು ನಪಾಸಾಗಬಹುದು. ಅಂದಹಾಗೆ ಈ ಗಿಡ ಅಮೆರಿಕ ಖಂಡದಿಂದ ಬಂದ ಕಳೆ. ‘ಪರಂಪರೆಯ ಮದ್ದು’ ಎನ್ನುವುದೆಲ್ಲ ಬಹಳ ಹಳೆಯದೇ ಆಗಿರಬೇಕಿಲ್ಲ.

ಕಿತ್ತು ತಂದ ಗಿಡದ ಒಂದು ಕೊಂಬೆಯನ್ನು, ಹೂವಿದ್ದರೆ ಹೂವಿನ ಸಮೇತ, ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಸ್ಥಳ ಮತ್ತು ತಾರೀಕು ಬರೆದು ಹರ್ಬೇರಿಯಂನಲ್ಲಿ ಇಡಬೇಕು. ಮುಂದೆ ಯಾರಾದರೂ ಪ್ರಶ್ನಿಸಿದರೆ ತೋರಿಸಲು ಇರುವ ಸಾಕ್ಷಿ ಅದೊಂದೇ. ಉಳಿದದ್ದು ನೆರಳಲ್ಲಿ ಒಣಗಬೇಕು. ಮಳೆಗಾಲದ ಮೂಡಿಗೆರೆ ಸೀಮೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಜುಲೈ ತಿಂಗಳಲ್ಲಿ ಅಟ್ಟದ ಮೇಲೆ ಹರವಿದ ಎಲೆಗೆ ಮೂರೇ ದಿನಕ್ಕೆ ಬೂಷ್ಟು ಬರುತ್ತದೆ, ಮತ್ತು ಬೂಷ್ಟೇ ಆಂಟಿಬಯಾಟಿಕ್ ತಯಾರಿಸುವ ಜೀವಿ! ಬೂಷ್ಟು ಹಿಡಿದ ಎಲೆಯ ಸಾರ ಬ್ಯಾಕ್ಟೀರಿಯವನ್ನು ತಡೆದರೆ ಆ ಕೀರ್ತಿ ಎಲೆಗೋ ಬೂಷ್ಟಿಗೋ ಎಂದು ಹೇಳಲಾಗದು. ಒಂದೇ ಗಿಡ ಬೇಸಿಗೆಯಲ್ಲಿ ಒಂದು ಬಗೆ, ಮಳೆಗಾಲದಲ್ಲಿ ಇನ್ನೊಂದು ಬಗೆ ರಾಸಾಯನಿಕಗಳನ್ನು ಕೂಡಿಡುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು.

ಒಣಗಿದ್ದನ್ನು ಪುಡಿ ಮಾಡಿ ಸಾರ ತೆಗೆಯುವುದು ಮುಂದಿನ ಹಂತ. ಯಾವ ದ್ರಾವಕ ಬಳಸಿದರೆ ಏನು ಸಿಗುತ್ತದೆ ಎಂಬುದು ಇಲ್ಲಿಯ ಗುಟ್ಟು. ಪೆಟ್ರೋಲಿಯಂ ಈಥರ್ ಎಲೆಯ ಮೇಣ, ಎಣ್ಣೆ, ಒಂದಿಷ್ಟು ಹಸಿರನ್ನು ಎಳೆದುಕೊಳ್ಳುತ್ತದೆ. ಈಥೈಲ್ ಅಸಿಟೇಟ್ ಫ್ಲೇವನಾಯ್ಡ್‌ಗಳಂಥವನ್ನು. ಮೆಥನಾಲ್ ಟ್ಯಾನಿನ್‌ಗಳನ್ನು, ಸಕ್ಕರೆ ಅಂಟಿದ ಅಣುಗಳನ್ನು. ನೀರು ಉಪ್ಪು, ಸಕ್ಕರೆ, ಅಂಟನ್ನು. ಸಾಕ್ಸ್‌ಲೆಟ್ ಎಂಬ ಗಾಜಿನ ಸಲಕರಣೆಯಲ್ಲಿ ದ್ರಾವಕ ಕುದಿದು ಆವಿಯಾಗಿ, ಮೇಲೆ ತಂಪಾಗಿ, ಪುಡಿಯ ಮೇಲೆ ಮತ್ತೆ ಮತ್ತೆ ತೊಟ್ಟಿಕ್ಕಿ ಇಳಿಯುತ್ತದೆ. ಬಳಿಕ ಒತ್ತಡ ತಗ್ಗಿಸಿ ದ್ರಾವಕವನ್ನು ಆವಿಯಾಗಿಸಿದರೆ ಫ್ಲಾಸ್ಕಿನ ತಳದಲ್ಲಿ ಜೋನಿ ಬೆಲ್ಲದ ಹದದ ಕಪ್ಪು ಹಸಿರು ಜಿಗುಟು ಉಳಿಯುತ್ತದೆ. ಹಳ್ಳಿಯಲ್ಲಿ ನೀರಿನ ಕಷಾಯವಾಗಿ ಕುಡಿಯುವ ಮದ್ದನ್ನು ಪ್ರಯೋಗಾಲಯದಲ್ಲಿ ಮೆಥನಾಲ್ ಸಾರವಾಗಿ ಪರೀಕ್ಷಿಸಿದರೆ ಎರಡೂ ಒಂದೇ ವಸ್ತುವಲ್ಲ. ಬಿಸಿ ಮಾಡಿದರೆ ಹಾಳಾಗುವ ಅಣುಗಳೂ ಇವೆ. 1970ರ ದಶಕದ ಆರಂಭದಲ್ಲಿ ಚೀನಾದ ತು ಯೂಯೂ ಮಲೇರಿಯಕ್ಕೆ ಮದ್ದಾದ ಆರ್ಟೆಮಿಸಿನಿನ್ ಹಿಡಿದದ್ದು ಕುದಿಸುವುದನ್ನು ಬಿಟ್ಟು, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದ ಮೇಲೆ. 2015ರ ನೊಬೆಲ್ ಆ ಕೆಲಸಕ್ಕೆ ಸಂದಿತು.

ಇನ್ನು ಪರೀಕ್ಷೆ. ಮ್ಯುಲರ್-ಹಿಂಟನ್ ಅಗಾರನ್ನು ಪೆಟ್ರಿ ತಟ್ಟೆಯಲ್ಲಿ ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಹುಯ್ದು ಹೆಪ್ಪುಗಟ್ಟಿಸುತ್ತಾರೆ. ಬ್ಯಾಕ್ಟೀರಿಯವನ್ನು ಉಪ್ಪುನೀರಿನಲ್ಲಿ ಕದಡಿ, ಅದರ ಮಬ್ಬನ್ನು 0.5 ಮೆಕ್‌ಫರ್ಲೆಂಡ್ ಎಂಬ ಅಳತೆಗೆ ಹೊಂದಿಸುತ್ತಾರೆ. ಮಿಲಿಲೀಟರಿಗೆ ಸುಮಾರು 15 ಕೋಟಿ ಜೀವಿಗಳು ಎಂದು ಅದರ ಅರ್ಥ. ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ, ಕೊಳವೆಯ ಗೋಡೆಗೆ ಒತ್ತಿ ಹಿಂಡಿ, ತಟ್ಟೆಯ ಉದ್ದಗಲಕ್ಕೂ ಸವರಿ, ತಟ್ಟೆಯನ್ನು ಸ್ವಲ್ಪ ತಿರುಗಿಸಿ ಮತ್ತೆ ಸವರಿ, ಮೂರನೆಯ ಸಲವೂ ಸವರುತ್ತಾರೆ. ಒಂದಂಗುಲ ಜಾಗವೂ ಬರಿದಾಗಿ ಉಳಿಯಬಾರದು. ಬಳಿಕ ಆರು ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗೆ ಸಾರ ಹನಿಸಿ ಇಡುತ್ತಾರೆ, ಇಲ್ಲವೇ ಅಗಾರಿನಲ್ಲೇ ಚಿಕ್ಕ ಗುಳಿ ಕೊರೆದು ಸಾರ ತುಂಬುತ್ತಾರೆ. ಒಂದು ರಾತ್ರಿ ಇನ್‌ಕ್ಯುಬೇಟರಿನಲ್ಲಿ ಕಳೆದರೆ ತಟ್ಟೆಯ ತುಂಬ ಬ್ಯಾಕ್ಟೀರಿಯದ ಮಸುಕು ಪದರ ಹರಡಿರುತ್ತದೆ. ಸಾರ ತಡೆದ ಕಡೆ ಮಾತ್ರ ತಿಳಿಯಾದ ಉಂಗುರ. ಬಾಯರ್, ಕಿರ್ಬಿ ಮತ್ತು ಸಂಗಡಿಗರು 1966ರಲ್ಲಿ ಕಟ್ಟುನಿಟ್ಟಾಗಿ ರೂಪಿಸಿಕೊಟ್ಟ ಈ ವಿಧಾನ ಇಂದಿಗೂ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ನಿತ್ಯದ ಕೆಲಸ.

ಬಹುಪಾಲು ಪ್ರಬಂಧಗಳು ಈ ಉಂಗುರದ ಅಗಲಕ್ಕೇ ನಿಂತುಬಿಡುತ್ತವೆ. ತೊಡಕು ಶುರುವಾಗುವುದೂ ಅಲ್ಲೇ. ಆಸ್ಪತ್ರೆಯಲ್ಲಿ ಬಳಸುವ ಸಿಪ್ರೊಫ್ಲಾಕ್ಸಸಿನ್ ಬಿಲ್ಲೆಯಲ್ಲಿರುವುದು ಐದೇ ಮೈಕ್ರೊಗ್ರಾಂ ಔಷಧ. ಎಟಿಸಿಸಿ 25923 ಎಂಬ ಮಾದರಿ ಸ್ಟ್ಯಾಫಿಲೊಕಾಕಸ್ ಮೇಲೆ ಅದು 22ರಿಂದ 30 ಮಿಲಿಮೀಟರಿನ ಉಂಗುರ ಮೂಡಿಸಬೇಕು. ಮೂಡದಿದ್ದರೆ ಪರೀಕ್ಷೆಯಲ್ಲೇ ಎಲ್ಲೋ ತಪ್ಪಿದೆ ಎಂದು ಲೆಕ್ಕ. ಸಸ್ಯಸಾರವನ್ನು ಮಿಲಿಗ್ರಾಂಗಟ್ಟಲೆ ತುಂಬಿ 15 ಮಿಲಿಮೀಟರಿನ ಉಂಗುರ ತೋರಿಸಿ, ಆಂಟಿಬಯಾಟಿಕ್‌ಗೆ ಇದು ಹತ್ತಿರ ಬಂತು ಎಂದರೆ ಅದು ಸಾವಿರ ಪಟ್ಟು ತೂಕದ ವ್ಯತ್ಯಾಸವನ್ನು ಮರೆತ ಮಾತು. ಉಂಗುರದ ಅಗಲ ಅಣುವಿನ ಬಲವನ್ನಷ್ಟೇ ಅವಲಂಬಿಸಿಲ್ಲ, ಅದು ಅಗಾರಿನ ನೀರಿನಲ್ಲಿ ಎಷ್ಟು ಸರಾಗವಾಗಿ ಹರಡುತ್ತದೆ ಎಂಬುದನ್ನೂ ಅವಲಂಬಿಸಿದೆ. ನೀರಿಗೆ ಸೇರದ ಎಣ್ಣೆಯಂಶ ಬಿಲ್ಲೆಯನ್ನು ಬಿಟ್ಟು ಕದಲುವುದೇ ಇಲ್ಲ, ಎಷ್ಟೇ ತೀಕ್ಷ್ಣವಾಗಿದ್ದರೂ ಉಂಗುರ ಮೂಡಿಸುವುದಿಲ್ಲ.

ಟ್ಯಾನಿನ್ ಇನ್ನೊಂದು ಬಲೆ. ಅಡಿಕೆ ಬೇಯಿಸುವ ಹಂಡೆಯಲ್ಲಿ ಉಳಿಯುವ ಚೊಗರನ್ನು ನೋಡಿದವರಿಗೆ ಟ್ಯಾನಿನ್ ಏನೆಂದು ಹೇಳಬೇಕಿಲ್ಲ. ಬಾಯಿ ಒಗರಾಗುವುದು ಅದು ಎಂಜಲಿನ ಪ್ರೋಟೀನಿಗೆ ಅಂಟಿ ಗಟ್ಟಿಯಾಗಿಸುವುದರಿಂದ. ತಟ್ಟೆಯಲ್ಲೂ ಅದು ಮಾಡುವುದು ಅದನ್ನೇ: ಸಿಕ್ಕ ಸಿಕ್ಕ ಪ್ರೋಟೀನುಗಳಿಗೆ ಅಂಟಿಕೊಂಡು ಬ್ಯಾಕ್ಟೀರಿಯವನ್ನು ಕಟ್ಟಿಹಾಕುತ್ತದೆ. ಒಳ್ಳೆಯ ಉಂಗುರವೇನೋ ಬರುತ್ತದೆ, ಆದರೆ ದೇಹದೊಳಗೆ ಹೋದರೆ ಹೊಟ್ಟೆಯ, ರಕ್ತದ ಪ್ರೋಟೀನುಗಳಿಗೆ ಅಂಟಿಯೇ ಅದರ ಕಥೆ ಮುಗಿಯುತ್ತದೆ. ಅಳಲೆಕಾಯಿ, ದಾಳಿಂಬೆ ಸಿಪ್ಪೆ, ನೇರಳೆ ತೊಗಟೆ ಇಂಥ ಪರೀಕ್ಷೆಗಳಲ್ಲಿ ಸದಾ ಮುಂದಿರಲು ಟ್ಯಾನಿನ್ ಒಂದು ದೊಡ್ಡ ಕಾರಣ. ಚರ್ಮದ ಮೇಲಿನ ಹುಣ್ಣಿಗೆ ಹಚ್ಚಲು ಅಡ್ಡಿಯಿಲ್ಲ. ರಕ್ತಕ್ಕೆ ಹತ್ತಿದ ಸೋಂಕಿಗೆ ಪ್ರಯೋಜನವಿಲ್ಲ.

ಬ್ಯಾಕ್ಟೀರಿಯದ ಆಯ್ಕೆಯನ್ನೂ ಇಲ್ಲೇ ಹೇಳಿಬಿಡಬೇಕು. ಚಂಡೀಗಢದ ಎಂಟಿಸಿಸಿ ಸಂಗ್ರಹದಿಂದ ತರಿಸುವ ಮಾದರಿ ತಳಿಗಳಲ್ಲಿ ಹಲವು ಔಷಧಕ್ಕೆ ಸುಲಭವಾಗಿ ಬಗ್ಗುವಂಥವು. ಅಂಥದರ ಮೇಲೆ ಪರೀಕ್ಷೆ ಮಾಡಿ ‘ಔಷಧ ನಿರೋಧಕ ಬ್ಯಾಕ್ಟೀರಿಯದ ವಿರುದ್ಧ’ ಎಂದು ಶೀರ್ಷಿಕೆ ಕೊಡುವುದು ಓದುಗರ ಕಣ್ಣಿಗೆ ಮಣ್ಣೆರಚುವ ಕೆಲಸ. ರೋಗಿಗಳ ಕೀವು, ಮೂತ್ರದಿಂದ ಬೇರ್ಪಡಿಸಿದ ತಳಿಗಳು ಬೇಕು, ಅವು ನಿಜಕ್ಕೂ ನಿರೋಧಕವೆಂದು ಮೊದಲು ಸಾಬೀತಾಗಬೇಕು. 30 ಮೈಕ್ರೊಗ್ರಾಂ ಸೆಫಾಕ್ಸಿಟಿನ್ ಬಿಲ್ಲೆಯ ಸುತ್ತ ಉಂಗುರ 21 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಆರ್‌ಎಸ್‌ಎ ಎನಿಸುತ್ತದೆ.

ಉಂಗುರದಾಚೆಗಿನ ಅಳತೆಗೆ ಕನಿಷ್ಠ ತಡೆ ಪ್ರಮಾಣ ಎಂದು ಹೆಸರು. ಪ್ರಯೋಗಾಲಯದ ಮಾತಿನಲ್ಲಿ ಎಂಐಸಿ. ಎಂಟು ಸಾಲು, ಹನ್ನೆರಡು ಕಂಬಸಾಲು, ಒಟ್ಟು 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಈ ಕೆಲಸ ನಡೆಯುತ್ತದೆ. ಮೊದಲ ಗುಳಿಯಲ್ಲಿ ಮಿಲಿಲೀಟರಿಗೆ 1,024 ಮೈಕ್ರೊಗ್ರಾಂ ಸಾರವಿದ್ದರೆ ಮುಂದಿನದರಲ್ಲಿ 512, ಆಮೇಲೆ 256, ಹೀಗೆ ಅರ್ಧರ್ಧ ಇಳಿಯುತ್ತ ಹೋಗುತ್ತದೆ. ಎಲ್ಲ ಗುಳಿಗೂ ಮಿಲಿಲೀಟರಿಗೆ ಸುಮಾರು ಐದು ಲಕ್ಷ ಬ್ಯಾಕ್ಟೀರಿಯದ ಲೆಕ್ಕದಲ್ಲಿ ಹಾಕಿ, ರಾತ್ರಿ ಕಳೆದ ಮೇಲೆ ರೆಸಜುರಿನ್ ಎಂಬ ನೀಲಿ ಬಣ್ಣದ ಹನಿ ಬಿಡುತ್ತಾರೆ. ಬ್ಯಾಕ್ಟೀರಿಯ ಬದುಕಿದ್ದರೆ ನೀಲಿ ಗುಲಾಬಿಯಾಗುತ್ತದೆ. ನೀಲಿಯಾಗಿಯೇ ಉಳಿದ ಕೊನೆಯ ಗುಳಿಯ ಪ್ರಮಾಣವೇ ಎಂಐಸಿ. ಇಲ್ಲೂ ಕಣ್ತಪ್ಪು ಸಾಧ್ಯ. ಕೆಲವು ಸಸ್ಯಸಾರಗಳು ಬ್ಯಾಕ್ಟೀರಿಯವೇ ಇಲ್ಲದಿದ್ದರೂ ರೆಸಜುರಿನ್‌ನ ಬಣ್ಣ ತಿರುಗಿಸಬಲ್ಲವು, ಆದ್ದರಿಂದ ಸಾರ ಮಾತ್ರ ಇರುವ ಗುಳಿಗಳನ್ನು ಹೋಲಿಕೆಗೆ ಇಡಲೇಬೇಕು. ಸಾರವನ್ನು ಕರಗಿಸಲು ಬಳಸುವ ಡಿಎಂಎಸ್‌ಒ ದ್ರಾವಕವೂ ಹೆಚ್ಚಾದರೆ ಬ್ಯಾಕ್ಟೀರಿಯವನ್ನು ಕುಗ್ಗಿಸುತ್ತದೆ. ಅದಕ್ಕೂ ಒಂದು ಸಾಲು ಬೇಕು.

ಮಾದರಿ ಸ್ಟ್ಯಾಫಿಲೊಕಾಕಸ್ ತಳಿಯೊಂದಕ್ಕೆ ಸಿಪ್ರೊಫ್ಲಾಕ್ಸಸಿನ್‌ನ ಎಂಐಸಿ ಅರ್ಧ ಮೈಕ್ರೊಗ್ರಾಂ ದಾಟುವುದಿಲ್ಲ. ಕಚ್ಚಾ ಸಾರವಾದರೆ 100 ಮೈಕ್ರೊಗ್ರಾಂಗಿಂತ ಕಡಿಮೆ, ಶುದ್ಧ ಅಣುವಾದರೆ 10ಕ್ಕಿಂತ ಕಡಿಮೆ ಇದ್ದರೆ ಗಮನಿಸತಕ್ಕದ್ದು ಎಂಬುದು ಈ ಕ್ಷೇತ್ರದಲ್ಲಿ ಹಲವರು ಒಪ್ಪುವ ಮಿತಿ. ಸಾವಿರ ದಾಟಿದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಉಂಗುರ ತೋರಿಸಿ ಮೆರೆದ ಸಾರಗಳಲ್ಲಿ ಬಹಳಷ್ಟು ಈ ಜರಡಿಯಲ್ಲೇ ಉದುರಿಹೋಗುತ್ತವೆ.

ಉದುರದೆ ಉಳಿದವುಗಳೂ ಇವೆ. ಪುನರ್ಪುಳಿಯ ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಅಣುವಿದೆ. ಪುನರ್ಪುಳಿ ಸೇರಿರುವ ಗಾರ್ಸಿನಿಯ ಕುಲದ ಬೆಂಜೊಫಿನೋನ್ ಅಣುಗಳು ಎಂಆರ್‌ಎಸ್‌ಎಯನ್ನು ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್‌ಗೆ ಸಮೀಪದ ಪ್ರಮಾಣದಲ್ಲಿ ತಡೆಯುತ್ತವೆ ಎಂದು ಜಪಾನಿನ ಸಂಶೋಧಕರು 1996ರಲ್ಲೇ ತೋರಿಸಿದ್ದರು. ಆದರೂ ಗಾರ್ಸಿನಾಲ್ ಮಾತ್ರೆಯಾಗಿ ಬರಲಿಲ್ಲ. ನೀರಿಗೆ ಸೇರದ ಇಂಥ ಅಣುಗಳು ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ, ಸೋಂಕಿನ ಜಾಗಕ್ಕೆ ಬಿಡುವಾಗಿ ತಲುಪುವುದು ಅಲ್ಪವೇ ಎಂಬುದು ಸಾಮಾನ್ಯ ತೊಂದರೆ. ಇ. ಕೊಲೈ, ಸ್ಯೂಡೊಮೊನಾಸ್‌ನಂಥ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಗಳ ಎದುರು ಸಸ್ಯದ ಅಣುಗಳು ಇನ್ನೂ ದುರ್ಬಲ. ಅವುಗಳಿಗೆ ಹೊರಪೊರೆಯೊಂದು ಹೆಚ್ಚಿಗೆ ಇದೆ, ಪಂಪುಗಳೂ ಬಲವಾಗಿವೆ.

ಈ ಪಂಪುಗಳ ಕಡೆಗೆ ಗಮನ ಹರಿದ ಮೇಲೆ ಸಸ್ಯಗಳ ಪರೀಕ್ಷೆಗೆ ಬೇರೆಯದೇ ಅರ್ಥ ಬಂತು. ಮರದರಿಶಿನದ ಕಾಂಡ ಹಳದಿಯಾಗಿರುವುದು ಬರ್ಬೆರಿನ್ ಎಂಬ ಅಣುವಿನಿಂದ. ಅದು ಬ್ಯಾಕ್ಟೀರಿಯಕ್ಕೆ ವಿಷವೇ, ಆದರೆ ಸ್ಟ್ಯಾಫಿಲೊಕಾಕಸ್ ತನ್ನ ನಾರ್‌ಎ ಎಂಬ ಪಂಪಿನಿಂದ ಅದನ್ನು ಹೊರಗೆ ಎಸೆಯುತ್ತದೆ. ಹಾಗಿದ್ದರೆ ಗಿಡ ಅದನ್ನು ತಯಾರಿಸುವುದೇಕೆ? ಬರ್ಬೆರಿನ್ ಇರುವ ಬರ್ಬೆರಿಸ್ ಗಿಡಗಳಲ್ಲೇ ಇದಕ್ಕೆ ಉತ್ತರ ಸಿಕ್ಕಿತು. ಸ್ವತಃ ಏನನ್ನೂ ಕೊಲ್ಲದ, ನಾರ್‌ಎ ಪಂಪನ್ನು ಮಾತ್ರ ಕಟ್ಟಿಹಾಕುವ ಇನ್ನೊಂದು ಅಣುವನ್ನೂ ಅವು ತಯಾರಿಸುತ್ತವೆ ಎಂದು ಅಮೆರಿಕದ ಸಂಶೋಧಕರು 2000ದಲ್ಲಿ ಪ್ರಕಟಿಸಿದರು. ಎರಡೂ ಸೇರಿದಾಗ ಬರ್ಬೆರಿನ್ ಒಳಗೇ ಉಳಿದು ಬ್ಯಾಕ್ಟೀರಿಯ ಸಾಯುತ್ತದೆ. ಕಚ್ಚಾ ಸಾರದಲ್ಲಿ ಕಂಡ ಶಕ್ತಿ ಅಣುಗಳನ್ನು ಬೇರ್ಪಡಿಸುತ್ತ ಹೋದಂತೆ ಮಾಯವಾಗುವ ಒಗಟಿಗೆ ಇದರಿಂದ ಒಂದು ವಿವರಣೆ ದೊರೆಯಿತು. ಕೊಡಸಿಗದ ತೊಗಟೆಯ ಕೊನೆಸಿನ್ ಕೂಡ ಸ್ಯೂಡೊಮೊನಾಸ್‌ನ ಪಂಪೊಂದನ್ನು ತಡೆಯುತ್ತದೆ ಎಂದು ಥಾಯ್ಲೆಂಡಿನಿಂದ ಬಂದ ಅಧ್ಯಯನ ತೋರಿಸಿದೆ.

ಕಾಫಿ ಸೀಮೆಗೆ ಇದರಲ್ಲಿ ಹತ್ತಿರದ ಉದಾಹರಣೆ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕರಿಮೆಣಸು. ಅದರ ಖಾರಕ್ಕೆ ಕಾರಣವಾದ ಪೈಪರಿನ್ ಅನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1819ರಲ್ಲೇ ಬೇರ್ಪಡಿಸಿದ್ದರು. ಬ್ಯಾಕ್ಟೀರಿಯವನ್ನು ನೇರವಾಗಿ ಕೊಲ್ಲುವ ವಿಷಯದಲ್ಲಿ ಪೈಪರಿನ್‌ಗೆ ಹೇಳಿಕೊಳ್ಳುವಂಥ ಶಕ್ತಿಯಿಲ್ಲ. ಬಿಲ್ಲೆಯ ಸುತ್ತಲಿನ ಉಂಗುರ ನೋಡಿ ತೀರ್ಮಾನಿಸಿದ್ದರೆ ಅದನ್ನು ಎಂದೋ ಮೂಲೆಗೆ ಎಸೆಯಬೇಕಿತ್ತು. ಆದರೆ ಸಿಪ್ರೊಫ್ಲಾಕ್ಸಸಿನ್ ಜೊತೆ ಸೇರಿದಾಗ ಅದು ಸ್ಟ್ಯಾಫಿಲೊಕಾಕಸ್‌ನ ನಾರ್‌ಎ ಪಂಪನ್ನು ತಡೆದು, ಆ ಔಷಧದ ಎಂಐಸಿಯನ್ನು ಇಳಿಸುತ್ತದೆ, ಔಷಧಕ್ಕೆ ಒಗ್ಗಿದ ರೂಪಾಂತರಗಳು ತಲೆಯೆತ್ತುವುದನ್ನೂ ತಗ್ಗಿಸುತ್ತದೆ ಎಂದು ಜಮ್ಮುವಿನ ಸಂಶೋಧಕರು 2006ರಲ್ಲಿ ವರದಿ ಮಾಡಿದರು. ಪೈಪರಿನ್‌ಗೆ ಇನ್ನೊಂದು ಗುಣವಿದೆ. ಮನುಷ್ಯರ ಕರುಳು ಮತ್ತು ಯಕೃತ್ತಿನಲ್ಲಿ ಔಷಧವನ್ನು ಒಡೆದು ಹೊರಹಾಕುವ ವ್ಯವಸ್ಥೆಯನ್ನೂ ಅದು ನಿಧಾನಗೊಳಿಸುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎರಡು ಗ್ರಾಂ ಕೊಡುವಾಗ ಅದರ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ರಕ್ತಕ್ಕೆ ದಕ್ಕುವ ಕರ್ಕ್ಯುಮಿನ್ ಪ್ರಮಾಣ ಹಲವು ಪಟ್ಟು ಏರುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನ 1998ರಲ್ಲಿ ಹೇಳಿತು. ಇದೇ ಗುಣವನ್ನು ಆಧರಿಸಿ ರಿಫಾಂಪಿಸಿನ್, ಐಸೋನಯಾಜಿಡ್ ಜೊತೆ 10 ಮಿಲಿಗ್ರಾಂ ಪೈಪರಿನ್ ಸೇರಿಸಿದ ರಿಸೊರಿನ್ ಎಂಬ ಕ್ಷಯದ ಔಷಧವನ್ನು ಜಮ್ಮುವಿನ ಪ್ರಯೋಗಾಲಯ ಮತ್ತು ಕ್ಯಾಡಿಲಾ ಕಂಪನಿ ರೂಪಿಸಿದವು; 2009ರಲ್ಲಿ ಅದು ಮಾರುಕಟ್ಟೆಗೆ ಬಂತು. ಪೈಪರಿನ್ ಇರುವುದರಿಂದ ಅದರಲ್ಲಿ ರಿಫಾಂಪಿಸಿನ್ 450ರ ಬದಲು 200 ಮಿಲಿಗ್ರಾಂ ಸಾಕು ಎಂಬುದು ತಯಾರಕರ ವಾದ.

ಜೋಡಿಯ ಬಲವನ್ನು ಅಳೆಯಲು ಅದೇ 96 ಗುಳಿಗಳ ತಟ್ಟೆ ಸಾಕು. ಅಡ್ಡಸಾಲಿನಲ್ಲಿ ಔಷಧ ಅರ್ಧರ್ಧ ಇಳಿಯುತ್ತದೆ, ಕಂಬಸಾಲಿನಲ್ಲಿ ಸಾರ. ಜೋಡಿಯಲ್ಲಿದ್ದಾಗ ಬೇಕಾದ ಪ್ರಮಾಣವನ್ನು ಒಂಟಿಯಾಗಿ ಬೇಕಾದ ಪ್ರಮಾಣದಿಂದ ಭಾಗಿಸಿ, ಎರಡರ ಭಾಗಲಬ್ಧಗಳನ್ನು ಕೂಡಿಸಬೇಕು. ಮೊತ್ತ 0.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಎರಡೂ ಒಂದಕ್ಕೊಂದು ಬಲ ಕೊಡುತ್ತವೆ ಎಂದರ್ಥ. 4 ದಾಟಿದರೆ ಒಂದನ್ನೊಂದು ಕೆಡಿಸುತ್ತವೆ. ಈ ಎರಡನೆಯ ಸಾಧ್ಯತೆಯನ್ನು ಮರೆಯಬಾರದು. ವೈದ್ಯರಿಗೆ ಹೇಳದೆ ಮಾತ್ರೆಯ ಜೊತೆಗೆ ಕಷಾಯವನ್ನೂ ಕುಡಿಯುವುದು ಊರಿನಲ್ಲಿ ಸಾಮಾನ್ಯವಾದ್ದರಿಂದ, ಯಾವ ಸೊಪ್ಪು ಯಾವ ಔಷಧವನ್ನು ಕೆಡಿಸುತ್ತದೆ ಎಂಬ ಪರೀಕ್ಷೆ ಹೊಸ ಮದ್ದಿನ ಹುಡುಕಾಟದಷ್ಟೇ ಉಪಯುಕ್ತ. ಅಂಥ ಅಧ್ಯಯನಗಳು ಕಡಿಮೆ ಎಂಬುದು ವಿಷಾದದ ಸಂಗತಿ.

ಇಷ್ಟು ಪಾಸಾದ ಸಾರ ಮನುಷ್ಯರ ಜೀವಕೋಶಗಳನ್ನು ಉಳಿಸುತ್ತದೆಯೇ ಎಂದು ನೋಡಬೇಕು. ಕೆಂಪು ರಕ್ತಕಣಗಳನ್ನು ಒಡೆಯುವ ಸೋಪಿನಂಥ ಸ್ಯಾಪೊನಿನ್‌ಗಳು ಇಲ್ಲಿ ಸಿಕ್ಕಿಬೀಳುತ್ತವೆ. ಜೀವಕೋಶಕ್ಕೆ ಹಾನಿ ಮಾಡುವ ಪ್ರಮಾಣ ಎಂಐಸಿಗಿಂತ ಕನಿಷ್ಠ ಹತ್ತು ಪಟ್ಟಾದರೂ ಹೆಚ್ಚಿರಬೇಕೆಂದು ಸಾಮಾನ್ಯವಾಗಿ ನಿರೀಕ್ಷಿಸುತ್ತಾರೆ. ಆಮೇಲೆ ಇಲಿಗಳು, ಬಳಿಕ ಮನುಷ್ಯರ ಮೇಲಿನ ಪ್ರಯೋಗ. ಹಣ ಮತ್ತು ವರ್ಷಗಳು ಖರ್ಚಾಗುವುದು ಅಲ್ಲಿ.

ಕಚ್ಚಾ ವಸ್ತುವಿನ ಪ್ರಶ್ನೆ ಬೇರೆಯದೇ. ಮೆಣಸು ಎಷ್ಟು ಬೇಕಾದರೂ ಬೆಳೆಯುತ್ತದೆ. ಮರದರಿಶಿನ ಹಾಗಲ್ಲ, ನಿಧಾನವಾಗಿ ಬೆಳೆಯುವ ಕಾಡುಬಳ್ಳಿಯನ್ನು ಬುಡಸಹಿತ ಕಡಿದು ಮಾರಿದ್ದರಿಂದ ಪಶ್ಚಿಮಘಟ್ಟದಲ್ಲಿ ಅದು ಅಳಿವಿನಂಚಿಗೆ ಬಂದಿದೆ, ಕಾಡಿನಿಂದ ತಂದದ್ದರ ರಫ್ತಿಗೆ ನಿಷೇಧವಿದೆ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಇಂಥ ಗಿಡಗಳ ಮಾಹಿತಿ ಆಧರಿಸಿ ಪೇಟೆಂಟ್ ಕೇಳುವವರು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಮೂಲಕ ಹೋಗಬೇಕು. ಊರಿನ ಸಸ್ಯಜ್ಞಾನವನ್ನು ದಾಖಲಿಸುವ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಗ್ರಾಮ ಪಂಚಾಯ್ತಿ ಮಟ್ಟದ ಸಮಿತಿ ಇಡಬೇಕು.

ಒಂದೇ ಶುದ್ಧ ಅಣುವಾಗಲು ಒಲ್ಲದ, ಕೂಡಿಯೇ ಕೆಲಸ ಮಾಡುವ ಸಾರಗಳಿಗೆ ಭಾರತದಲ್ಲಿ ಈಗ ಪ್ರತ್ಯೇಕ ದಾರಿಯಿದೆ. 2015ರ ನವೆಂಬರಿನಲ್ಲಿ ಔಷಧ ನಿಯಮಗಳಿಗೆ ತಿದ್ದುಪಡಿ ತಂದು ‘ಫೈಟೊಫಾರ್ಮಸ್ಯೂಟಿಕಲ್’ ಎಂಬ ವರ್ಗವನ್ನು ಸೇರಿಸಲಾಯಿತು. ಸಾರವನ್ನು ಶುದ್ಧೀಕರಿಸಿ ಹದಕ್ಕೆ ತಂದಿರಬೇಕು, ಅದರಲ್ಲಿ ಗುರುತಿಸಿ ಅಳೆಯಬಲ್ಲ ಕನಿಷ್ಠ ನಾಲ್ಕು ಸಂಯುಕ್ತಗಳಿರಬೇಕು, ಸುರಕ್ಷತೆ ಮತ್ತು ಪರಿಣಾಮದ ಪುರಾವೆ ಬೇರೆ ಹೊಸ ಔಷಧಗಳಂತೆಯೇ ಒದಗಿಸಬೇಕು ಎಂಬುದು ಷರತ್ತು. ಗೋಣಿಬೀಡಿನ ತೋಟದಂಚಿನಲ್ಲಿ ಜನವರಿಯಲ್ಲಿ ಕೊಯ್ದ ಸೊಪ್ಪು, ಆಗಸ್ಟಿನ ಮಳೆಯಲ್ಲಿ ಕೊಯ್ದ ಸೊಪ್ಪು, ಕಳಸದ ಇಳಿಜಾರಿನಿಂದ ತಂದ ಸೊಪ್ಪು, ಮೂರರ ಸಾರದಲ್ಲೂ ಆ ನಾಲ್ಕು ಸಂಯುಕ್ತಗಳು ಗೊತ್ತುಪಡಿಸಿದ ಮಿತಿಯೊಳಗೇ ಇದ್ದರೆ ಮಾತ್ರ ಅರ್ಜಿ ಮುಂದೆ ಸಾಗುತ್ತದೆ.